ತಿರುಪು

ಗಾಡಿ ಬಂದು ಹನ್ನೊಂದು ದಿನ.
ಕೆಂಪು ಅನ್ನುವಂತಿಲ್ಲ, ಕುಂಕುಮಕ್ಕೆ ಒಂದು ಹನಿ ಕಪ್ಪು ಬಿದ್ದ ಬಣ್ಣ.
ಸೀಟಿನ ಪ್ಲಾಸ್ಟಿಕ್ಕು ಇನ್ನೂ ಕಿತ್ತಿಲ್ಲ,
ಕೂತರೆ ಒಣ ಸೋಗೆ ತುಳಿದ ಸದ್ದು.

ಮಂಡ್ಯದ ಸಕ್ಕರೆ ಫ್ಯಾಕ್ಟರಿಯ ತೂಕದ ಮನೆಯಲ್ಲಿ
ಹತ್ತೊಂಬತ್ತು ವರ್ಷ ಊರವರ ಲಾರಿ, ಎತ್ತಿನಗಾಡಿ ತೂಗಿದವಳು ನಾನು.
ತುಂಬಿದ್ದೆಷ್ಟು, ಖಾಲಿಯೆಷ್ಟು, ಕಳೆದರೆ ಉಳಿದದ್ದೆಷ್ಟು.
ಯಾರೂ ಇಲ್ಲದ ಒಂದು ಭಾನುವಾರ
ಇದನ್ನೂ ಹತ್ತಿಸಿ ನೋಡಿದೆ.
ಸಾವಿರದ ಅರವತ್ತು ಕೆಜಿ, ನಾನು ಇಳಿದ ಮೇಲೆ.
ಇಳಿಯುವ ಮೊದಲಿನದು ಬರೆದುಕೊಳ್ಳಲಿಲ್ಲ.

"ಒಬ್ಬಳಿಗೆ ಇಷ್ಟೊಂದು ಓಟ ಯಾಕವ್ವ?"
ಕ್ಯಾಂಟೀನಿನ ದ್ಯಾವಮ್ಮ ಕೇಳಿದಳು.
ಓಟವೇನು ಇಬ್ಬರು ಹಂಚಿಕೊಂಡು ತಿನ್ನುವ ಮುದ್ದೆಯೇ?
ಪಕ್ಕದಲ್ಲಿ ಕೂರಿಸಿಕೊಂಡು ಹೋದೆ.
ಇಂಡುವಾಳು ದಾಟುವವರೆಗೆ ಕಣ್ಣು ಮುಚ್ಚಿದ್ದಳು,
ದಾಟಿದ ಮೇಲೆ, "ಇನ್ನೊಸಿ ಒತ್ತು."

ನನಗೆ ಬೇಕಿದ್ದುದು ಸದ್ದು.
ಬನ್ನಿಮಂಟಪದ ಹಿಂದಿನ ಶೆಡ್ಡಿಗೆ ಹೋಗಿ
ಸೈಲೆನ್ಸರ್ ಕಿತ್ತು ಗುಡುಗಿನ ಮರಿಯೊಂದನ್ನು ಕಟ್ಟಿಕೊಡು ಎಂದೆ.
ಅನ್ಸರ್ ಕೈ ಒರೆಸಿಕೊಂಡ.
ವಾರಂಟಿ ಪುಸ್ತಕ ಓದಲಿಲ್ಲ, ಅಂಗೈಯಲ್ಲಿಟ್ಟು ತೂಗಿದ.
"ಸೈಲೆನ್ಸರ್ ಮುಟ್ಟಂಗಿಲ್ಲ ಮೇಡಂ. ಇಂಜಿನ್ ಮೆದುಳು ಮುಟ್ಟಂಗಿಲ್ಲ.
ತಂತಿ ಕತ್ತರಿಸಂಗೇ ಇಲ್ಲ. ಒಂದ್ ಚೂರು ಟೇಪ್ ಕಂಡ್ರೂ
ಕಂಪನಿಯೋರು ಕೈ ತೊಳ್ಕತಾರೆ,
ಮುನಿಸ್ಕೊಳಕ್ಕೆ ನೆಪ ಹುಡುಕೋ ಬೀಗರ ಥರ."
ಮತ್ತೇನು ಮಾಡಬಹುದು?
"ಬಿಚ್ಚಿದ್ರೆ ಕಲೆ ಉಳೀಬಾರ್ದು. ಅಂಥದ್ದು ಯಾವ್ದಾದ್ರೂ."

ಈ ಮಾತನ್ನು ನಲವತ್ತಾರು ವರ್ಷದಲ್ಲಿ
ಯಾರೂ ನನ್ನ ಪರವಾಗಿ ಆಡಿರಲಿಲ್ಲ.
ಹೆಸರಿನ ಹಿಂದೆ ಒಂದು ಹೆಸರು ಸಿಕ್ಕಿಸಿದರು,
ಕೋರ್ಟಿನಲ್ಲಿ ಬಿಚ್ಚಿಸಿದೆ,
ಪಾಸ್‌ಬುಕ್ಕಿನಲ್ಲಿ ಗೀಟು ಇನ್ನೂ ಇದೆ.

ಹಾರ್ನ್ ಬದಲಾಯಿತು, ಕಪ್ಲರಿಗೆ ಕಪ್ಲರ್.
ಟೈರು ತುಸು ಅಗಲ, ಸುತ್ತಳತೆ ಮಾತ್ರ ಅಷ್ಟೇ.
ಬಳೆಗಾರನ ಹಾಗೆ ಅಳೆದ ಅನ್ಸರ್.
ಆಮೇಲೆ ತನ್ನ ದೊಡ್ಡಪ್ಪನ ಹತ್ತಿರ ಕಳಿಸಿದ,
ಮಂಡಿ ಮೊಹಲ್ಲಾ, ಬೀಟೆ ಮರದ ಕುಸುರಿ.

ಗೇರಿನ ಹಿಡಿಗೆ ಏನು ಕೂರಿಸಲಿ? ಆನೆ? ನವಿಲು?
ಕಬ್ಬಿನ ಒಂದು ಗೆಣ್ಣು, ಎಂದೆ.
ಮುದುಕ ಕನ್ನಡಕ ತೆಗೆದು ನನ್ನನ್ನು ನೋಡಿದರು.
ಹಲಸಿನ ಹಳದಿ ಚೂರೊಂದು ಹುಡುಕಲು
ಡಬ್ಬಿಯನ್ನೆಲ್ಲ ನೆಲಕ್ಕೆ ಸುರಿದರು.

ಕಂಪನಿಯ ಹಿಡಿ ಈಗ ಪೇಪರಿನಲ್ಲಿ ಸುತ್ತಿ
ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ,
ಹಳೆ ಹಾರ್ನಿನ ಮಗ್ಗುಲಲ್ಲಿ.

ಮೊದಲ ಸರ್ವಿಸಿನ ದಿನ ಇಳಿಸಿಕೊಂಡು ಹೊರಟೆ.
ಹುಣಸೂರು ರಸ್ತೆಯ ಹೊಂಗೆ ಮರದಡಿ ನಿಲ್ಲಿಸಿ
ಏಳು ಸುತ್ತು ತಿರುಗಿಸಿ ಮರ ಬಿಚ್ಚಿದೆ, ಪ್ಲಾಸ್ಟಿಕ್ಕು ಕೂರಿಸಿದೆ.
ಬಿಚ್ಚಬೇಕಿರಲಿಲ್ಲ, ಅನ್ಸರ್ ಹೇಳಿದ್ದ.
ಬಸ್ಸಿಳಿಯುವ ಮುಂಚೆ ತುಟಿ ಒರೆಸಿಕೊಳ್ಳುತ್ತಿದ್ದ ಕಾಲದ
ಅಭ್ಯಾಸ, ಕೈಗೇ ಅಂಟಿದ್ದು.

ಶೋರೂಮಿನ ಹುಡುಗ ಮಾದೇಶ ಎಲ್ಲ ನೋಡಿದ,
ಕೆಳಗೆ ಟಾರ್ಚು ಬಿಟ್ಟ, ತಂತಿ ಹಿಡಿದು ಹೋದ, ಟಿಕ್ ಹಾಕಿದ.
ಕೀ ಕೊಡುವಾಗ ಕ್ಯಾಷಿಯರ್ ಕಡೆ ಬೆನ್ನು ಮಾಡಿ,
"ಎಸಿ ಫಿಲ್ಟರ್ ನೋಡೋಕೆ ಡ್ಯಾಶ್ ಬಾಕ್ಸ್ ಬಿಚ್ಚಿದ್ದೆ ಮೇಡಂ.
ಅದಕ್ಕೇನೂ ಆಗಲ್ಲ, ಹಾಕ್ಕೊಂಡೇ ಬನ್ನಿ.
ಎಲ್ಲಿ ಮಾಡ್ಸುದ್ರಿ?"

ಹೇಳಿದೆ. ಬಾಗಿಲು ತೆಗೆದೆ.
ಗೆಣ್ಣು ತನ್ನ ಜಾಗದಲ್ಲಿತ್ತು,
ಯಾರೋ ಕೂರಿಸಿದ್ದರು, ಅರ್ಧ ಸುತ್ತು ಬಾಕಿ ಬಿಟ್ಟು,
ವಾರೆಯಾಗಿ.

ಶ್ರೀರಂಗಪಟ್ಟಣದ ಸೇತುವೆಯ ಮೇಲೆ
ಆ ಅರ್ಧ ಸುತ್ತು ನಾನೇ ತಿರುಗಿಸಿದೆ.
ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ಕು ಇನ್ನೂ ಚರಚರ ಎನ್ನುತ್ತಿತ್ತು.
ಮನೆಗೆ ಹೋದ ಮೇಲೆ ಕೀಳಬೇಕು.