ಕಾಗದದ ಮೇಜುಹಾಸು

ಪೋರ್ತೊ ಊರಿನ ಏರುಗಲ್ಲಿಯಲ್ಲಿ ದಿಯೊಲಿಂದಾಳ ಖಾನಾವಳಿ.
ಮೇಜು ಆರೇ. ಶುಕ್ರವಾರ ಮಧ್ಯಾಹ್ನ
ಜಗಳಕ್ಕೆಂದು ಬೇರೆ ಕುರ್ಚಿ ಇಡಲು ಜಾಗವಿಲ್ಲ.
"ಅಲ್ಲೇ ಕೂಡು" ಅಂದಳು, ಸೌಟು ತೋರಿಸಿ.

ಅದೆರಿತೊ ಕೂತ, ಝೆಫೆರಿನೊನ ಎದುರಿಗೇ.
ಹನ್ನೊಂದು ವರ್ಷ ಮಾತಿಲ್ಲ,
ಮೋರಿಯ ನೀರು ಯಾರ ಕಡೆ ಹರಿಯಬೇಕೆಂಬ ವಿಷಯಕ್ಕೆ.

ಉಪ್ಪುಮೀನು ಬಂತು, ಬೇಯಿಸಿದ ಆಲೂಗಡ್ಡೆ.
ಹಬೆ ಎರಡೂ ಕನ್ನಡಕಕ್ಕೆ ಸಮನಾಗಿ ಕವಿಯಿತು.
ಎಣ್ಣೆ ಸೀಸೆ ಇವನ ಕೈಗೆಟಕದು;
ಅವನು ಕಿಟಕಿ ನೋಡುತ್ತಲೇ
ಒಂದು ಬೆರಳಿಂದ ತಳ್ಳಿದ.

ದಿಯೊಲಿಂದಾ ಕಿವಿಯಿಂದ ಪೆನ್ಸಿಲ್ಲು ತೆಗೆದು
ಮೇಜಿಗೆ ಹಾಸಿದ ಕಾಗದದ ಮೇಲೇ ಲೆಕ್ಕ ಬರೆದಳು:
ಮೀನು, ಮೀನು, ವೈನು, ಬ್ರೆಡ್ಡು, ಆಲಿವು,
ಇಬ್ಬರದ್ದೂ ಕೂಡಿಸಿ, ಕೆಳಗೊಂದು ಗೆರೆ.

ಝೆಫೆರಿನೊ ಬಗ್ಗಿ ಓದಿದ. ಗಂಟಲು ಸರಿಮಾಡಿಕೊಂಡ.
"ಆಲಿವು ಪೂರಾ ತಿಂದಾಂವ
ನೀನು."