ದೀರ್ಘ ಬಿಟ್ಟ ತೂಕ

ಗಂಜಿನಾಗ ಚಾಂದಪಾಶಾನ ಕಾಟಾ ರಿಪೇರಿ ಅಂಗಡಿ, ಅದರ ಅಟ್ಟದ ಮ್ಯಾಲ
ಹತ್ತೊಂಬತ್ತು ವರ್ಷದ ಹಿಂದ, ಕರೆಂಟ್ ಹೋಗೂದ್ರಾಗ ಮುಗಸಬೇಕಂತ
ಗಡಿಬಿಡೀಲೆ ಬರದಿದ್ದೆ ಆ ಹೆಡರ್ ಫೈಲ್.
‘ತೂಕ ಓದು’ ಅಂತ ಇಡಬೇಕಿತ್ತು ಹೆಸರು.
ಇಂಗ್ಲಿಷ್ ಅಕ್ಷರದಾಗ ಎರಡು ‘ಓ’ ಹಾಕೂದು ಒಂದೇ ಹಾಕಿ
‘ತೊಕ ಓದು’ ಆಗಿ ಕುಂತಿತು.
ತೂಕದಾಗೇ ತೂಕ ಕಮ್ಮಿ!
ಪಾಶಾ ನಕ್ಕ ನಕ್ಕ ಸ್ಕ್ರೂ ಡಬ್ಬಿ ಚೆಲ್ಲಿದ.
ನಾಳಿ ತಿದ್ದಿದ್ರಾಯ್ತು, ಅಂದೆ.

ಆ ನಾಳಿಕಿಂತ ಮೊದಲೇ ಯಾರೋ ಪೈಥಾನಿನಾಗ ಅದನ್ನ ಕರದ್ರು.
ಮತ್ಯಾರೋ ರಸ್ಟಿನಾಗ. ಆಮ್ಯಾಲ ಲುವಾ, ಅದ್ಯಾವ ಸಮುದ್ರದ ಊರೋ,
ಮೀನ ತೂಗತಾರಂತ ಅಲ್ಲಿ, ಬರ್ಫಿನ ಸಮೇತ.
ನನ್ನ ಸಿ ಅವರ್ಯಾರೂ ಓದಿಲ್ಲ,
ಬಾಗಲ ಮ್ಯಾಲಿನ ಬೋರ್ಡ್ ಓದ್ಯಾರ, ಅಷ್ಟೇ.
ಒಳಗ ನಾ ಗ್ವಾಡಿ ಕೆಡವಲಿ, ಒಲಿ ಹೊಳ್ಳಸಲಿ,
ಬೋರ್ಡ್ ಅಲಗಬಾರದು.

ಹಂಗಾಗಿ ಸ್ಟ್ರಕ್ಚರಿನಾಗ ಹೊಸದೇನರ ಬಂತಂದ್ರ
ಕೊನೀಗೇ ಕೂಡಬೇಕು, ಟಂಟಂದಾಗ ತಡಾ ಮಾಡಿ ಹತ್ತಿದಂವನಂಗ
ಅರ್ಧ ಮೈ ಹೊರಗ ಹಾಕಿ.
ನಡುವ ಜಾಗಾ ಮಾಡ್ರಿ ಅಂದ್ರ ಎಲ್ಲಾರ ಲೆಕ್ಕಾ ತಪ್ಪತದ:
ಬುಟ್ಟಿ ತೂಕ ಬ್ಯಾಳಿದಾಗತದ, ಬ್ಯಾಳಿ ತೂಕ ತಾರೀಖಾಗತದ.
ಮ್ಯಾಕ್ರೋ ಬರಿಯೂದೂ ಬಿಟ್ಟೆ. ಅದು ಮನೀ ಮಾತು,
ಹೊಸ್ತಿಲ ದಾಟಂಗಿಲ್ಲ. ಹೊರಗಿನವರಿಗಿ
ಹೆಸರ ಹಿಡದು ಕರಿಲಾಕ ಖರೇ ಫಂಕ್ಷನ್ನೇ ಬೇಕು.

ಹೋದ ವರ್ಷ ವಿಶ್ವಾರಾಧ್ಯ ಬಂದ, ಚಿತ್ತಾಪುರದ ಶಾಣ್ಯಾ ಹುಡುಗ.
‘ಅಕ್ಕೋರೆ, ಇಲ್ಲಿ ಸ್ಪೆಲ್ಲಿಂಗ್ ತಪ್ಪದ.’
ಗೊತ್ತದಪಾ, ಅಂದೆ. ಅಷ್ಟಕ್ಕ ಬಿಡಬಾರದಿತ್ತು ನಾ.
ಶಹಾಬಾದಿಗಿ ತಂಗಿ ಕುಬಸಕ್ಕ ಹೋಗಿದ್ದೆ,
ಆ ರಾತ್ರಿ ದೀರ್ಘ ಎಳದು ಹೊಸ ಆವೃತ್ತಿ ಬಿಟ್ಟಾನ.
ನಸುಕಿನಾಗ ಮೀನಿನ ಊರಿಂದ ಮೇಲ್, ಎರಡೇ ಸಾಲು:
ಕಾಟಾ ಮಾತಾಡವಲ್ದು.
ಬರ್ಫ್ ಕರಗಲಕತ್ತದ.

ತಿದ್ದಿದ್ದು ಅಳಸಲಿಲ್ಲ. ತಪ್ಪನ್ನ ಹೊಳ್ಳಿ ತಂದು
ಅದರ ಬಾಜೂಕ ಕೂಡಸಿದೆ. ಎರಡು ಹೆಸರಿಗಿ ಒಂದೇ ಒಡಲು.
ಹುಡುಗನ ಮಾರಿ ಸಣ್ಣದಾತು. ‘ತಪ್ಪ ಇಟಗೊಂಡೇ ನಡೀಬೇಕೇನ್ರಿ?’
ಪಾಶಾ ಕೆಳಗಿಂದ ಒದರಿದ: ಅರೆ, ಚಿತ್ತಾಪುರ ಬಸ್ಸಿನಾಗ
ನಿಮ್ಮಜ್ಜಿ ಗುಲಬರ್ಗಾ ಟಿಕೇಟ್ ಕೇಳಿದ್ರ
ಕಂಡಕ್ಟರ್ ಕೆಳಗ ಇಳಸ್ತಾನೇನು?

ಈಗ ಆ ಸಾಲಿನ ಮ್ಯಾಲ ಒಂದು ಟಿಪ್ಪಣಿ ಅದ.
ಕೀಲಿಮಣಿ ಮ್ಯಾಲಿನ ತೊಗರಿ ಧೂಳ ಊದಿ
ನಾನೇ ಬರದೀನಿ:
ತಪ್ಪು ನನ್ನದು. ತಿದ್ದಬ್ಯಾಡ್ರಿ.
ಯಾರೋ ಇದರ ಮ್ಯಾಲ ತೂಗಲಕತ್ತಾರ.