ದೇದಾ

ಇಡೀ ಕುತೈಸಿಯಲ್ಲಿ ಆಟಿಕೆಗೇನು ಬರವೇ?
ನಮ್ಮತ್ತೆ ಜುಜುನಾ ತಂದ ಮರದ ಕುದುರೆ
ಮೂಲೆಗೆ ಮುಖ ಮಾಡಿ ನಿಂತಿದೆ.
ಕೀಲಿ ಕೊಟ್ಟರೆ ಕುಣಿಯುವ ಕರಡಿ
ಡಬ್ಬಿಯಿಂದ ಹೊರಗೇ ಬಂದಿಲ್ಲ.
ನನ್ನ ಮಗ ಬಾಚೋ, ವರ್ಷ ಒಂದು, ಮೇಲೆ ಹತ್ತು ತಿಂಗಳು,
ಮನಸೋತದ್ದು
ಬಚ್ಚಲ ಮೂಲೆಗೆ ಒರಗಿದ್ದ
ಕೆಂಪು ರಬ್ಬರಿನ, ಮರದ ಹಿಡಿಯ
ಪ್ಲಂಜರಿಗೆ.

ಕಿತ್ತುಕೊಂಡೆ, ಅತ್ತ.
ಬಚ್ಚಿಟ್ಟೆ, ಮನೆಯೆಲ್ಲ ಜಾಲಾಡಿದ.
ಕೊನೆಗೆ ಕುದಿನೀರಲ್ಲಿ ಅದ್ದಿ, ವಿನೆಗರ್ ಸುರಿದು,
ಮೂರು ಸಲ ತಿಕ್ಕಿ, ಬಾಲ್ಕನಿಯ ಬಿಸಿಲಿಗಿಟ್ಟು,
ಸೋತು ಕೊಟ್ಟೆ.
ಗಂಡ ಮಾಲ್ಖಾಜ್ ಜಾಣತನ ಮಾಡಿ
ಹಸಿರು ಬಣ್ಣದ ಹೊಸದೊಂದು ತಂದ.
ಬಾಚೋ ಅದನ್ನು ಮೂಸಿ ನೋಡಿ
ವಾಪಸು ಬಚ್ಚಲಿಗೇ ಒಯ್ದಿಟ್ಟ.
ಯಾರ ಜಾಗ ಎಲ್ಲಿ ಎಂಬುದು ಅವನಿಗೆ ಗೊತ್ತು.

ಆಮೇಲೆ ಅದೂ ನಾವೂ ಎಲ್ಲಿಗೆ ಹೋದರೂ ಜೊತೆಗೇ.
ನಾಣ್ಯ ಹಾಕಿದರೆ ಮಾತ್ರ ಏರುವ ನಮ್ಮ ಲಿಫ್ಟಿನಲ್ಲಿ
ಬಾಗಿಲಿಗೆ ಅಂಟಿಸುತ್ತಾನೆ, ಫುಪ್!
ಕೀಳುತ್ತಾನೆ, ಪ್ಲಕ್!
ಏಳು ಮಹಡಿಗೆ ಹದಿನಾಲ್ಕು ಸಲ.
ಸಂತೆಯಲ್ಲಿ ಅಕ್ರೋಟು ಮಾರುವ ಹೆಂಗಸು
ನಗಲಿಲ್ಲ, ಅದೇ ಅವಳ ದೊಡ್ಡತನ.
ಕೈಚಾಚಿ ಇಸಿದುಕೊಂಡು ತಕ್ಕಡಿಯಲ್ಲಿಟ್ಟು
'ನಾನೂರ ಇಪ್ಪತ್ತು ಗ್ರಾಂ' ಎಂದಳು
ಹೆರಿಗೆ ಆಸ್ಪತ್ರೆಯ ನರ್ಸಿನ ಹಾಗೆ.

'ಡಾಕ್ಟರಿಗೆ ತೋರಿಸೇ' ಅಂದಳು ಎದುರುಮನೆಯ ಎತೆರಿ.
ಆಮೇಲೆ ತಾನೇ ಸಮಾಧಾನ ಹೇಳಿದಳು:
'ನನ್ನ ಮಗನಿಗೆ ಬೀಗದ ಹುಚ್ಚಿತ್ತು,
ತಲೆದಿಂಬಿನಡಿ ಎರಡು, ಬಾಯಲ್ಲೊಂದು.
ಈಗ ಗಡಿಯ ಸುಂಕದ ಕಟ್ಟೆಯಲ್ಲಿದ್ದಾನೆ.
ಏನೂ ಹಾಳಾಗಲಿಲ್ಲ.'

ಮಾವನ ಎಪ್ಪತ್ತನೆಯ ಹುಟ್ಟುಹಬ್ಬ,
ಉದ್ದನೆಯ ಮೇಜು, ಇಪ್ಪತ್ತಾರು ಜನ.
ಅವ್ತಾಂದಿಲ್ ಮಾವ ಕೊಂಬಿನ ಬಟ್ಟಲೆತ್ತಿ ನಿಂತರು.
ಕೊಂಬನ್ನು ಕೆಳಗಿಡುವ ಹಾಗಿಲ್ಲ, ಉರುಳುತ್ತದೆ,
ಕುಡಿದೇ ಮುಗಿಸಬೇಕು.
ಸತ್ತವರಿಗೆ, ಇದ್ದವರಿಗೆ, ಹುಟ್ಟಲಿರುವವರಿಗೆ ಎಂದು
ಮಾತು ನದಿಯಾಗಿ ಹರಿಯುತ್ತಿರುವಾಗ
ಮೇಜಿನ ಕೊನೆಯಿಂದ ಮೆಲ್ಲಗೆ ಮೇಲೆದ್ದಿತು
ಬಾಯಿ ಮೇಲಾದ ಪ್ಲಂಜರ್.
ಯಾರೂ ಉಸಿರೆತ್ತಲಿಲ್ಲ.
ಮಾವ ಕಣ್ಣೊರೆಸಿಕೊಂಡು, ಸಭೆಯ ಮರ್ಯಾದೆ ಬಿಡದೆ,
ಅದರೊಳಕ್ಕೆ ದಾಳಿಂಬೆ ರಸ ಬಗ್ಗಿಸಿದರು.
ನಾನು ಕುರ್ಚಿ ತಳ್ಳಿ ಓಡಿ ತಲುಪುವಷ್ಟರಲ್ಲಿ
ಆಗಿಹೋಗಿತ್ತು.
'ಗೌಮಾರ್ಜೋಸ್!' ಎಂದು ಇಪ್ಪತ್ತಾರು ಗಂಟಲು.

ಅವತ್ತೇ ರಾತ್ರಿ ಅಕ್ರೋಟಿನ ಗೊಜ್ಜು ಸಿಕ್ಕಿಕೊಂಡು
ಅಡುಗೆಮನೆಯ ಸಿಂಕು ಕಟ್ಟಿತು.
ಹಸಿರು ಪ್ಲಂಜರ್ ಒಂದೇ ಒತ್ತಿಗೆ ಹರಿಯಿತು.
ಎಲ್ಲರ ಕಣ್ಣೂ ಕೆಂಪಿನ ಮೇಲೆ.
ಬಾಚೋನ ಮುಂದೆ ಮಂಡಿಯೂರಿ ಕೇಳಿದೆ.
ಬಹಳ ಹೊತ್ತು ಯೋಚಿಸಿ ಕೊಟ್ಟ.
ಗ್ಲುಗ್, ಗ್ಲುಗ್, ಗುಳುಗುಳು ಗ್ಳಾ...
ಅವನ ಕಣ್ಣು ತಟ್ಟೆಯಷ್ಟಾದವು:
ಮಾತಾಡಿತು!

ಒಂದು ಮಾತು ಹೇಳದೇ ಬಿಟ್ಟಿದ್ದೆ, ನಾಚಿಕೆಗೆ.
ಅದನ್ನು ಅವನು ಕರೆಯುವುದು 'ದೇದಾ' ಎಂದು.
ಅಂದರೆ, ನಮ್ಮ ಭಾಷೆಯಲ್ಲಿ, ಅಮ್ಮ.
ಮೊದಲ ಸಲ ಕೇಳಿದಾಗ ಅತ್ತೆ ನಕ್ಕ ನಗುವಿಗೆ
ಬಾಯಲ್ಲಿದ್ದ ಚಹಾ ಮೇಜುಬಟ್ಟೆಯ ಮೇಲಿತ್ತು.
'ಹೋಲಿಕೆ ಇದೆ ಬಿಡು,' ಎಂದಿದ್ದಳು.
ನಾನು ರೊಟ್ಟಿಹಿಟ್ಟಿಗೆ ಎರಡು ಗುದ್ದು ಹೆಚ್ಚಿಗೆ ಹಾಕಿದ್ದೆ.

ಸಿಂಕು ಬಿಟ್ಟ ಆ ರಾತ್ರಿ ಬಾಗಿಲ ಸಂದಿಯಿಂದ ನೋಡಿದೆ.
ತನ್ನ ಟವೆಲನ್ನು ಅದಕ್ಕೆ ಸುತ್ತಿ,
ರಬ್ಬರಿನ ಕೆನ್ನೆ ತಟ್ಟುತ್ತ, ನನ್ನದೇ ದನಿಯಲ್ಲಿ,
ಸ್ವಲ್ಪ ಗದರಿಕೆ, ಸ್ವಲ್ಪ ನಿದ್ದೆ:
'ಸಾಕು, ದೇದಾ. ಕಣ್ಮುಚ್ಚು, ದೇದಾ.'

ಆಗ ಹೊಳೆಯಿತು.
ನಮ್ಮಲ್ಲಿ ತಾಯಿ ಮಗುವನ್ನು ಕರೆಯುವುದೂ ಹಾಗೆಯೇ.
'ಬಾ, ದೇದಾ. ಉಣ್ಣು, ದೇದಾ' ಎಂದು
ದಿನಕ್ಕೆ ನೂರು ಸಲ ಅವನಿಗೆ ಅಂದವಳು ನಾನೇ.
ಅದು ಅವನ ಅಮ್ಮನಲ್ಲ.
ಅವನು ಅದರ ಅಮ್ಮ.
ಹಾಗಾದರೆ ನಾನು,
ಇಪ್ಪತ್ತೇಳನೆಯ ವಯಸ್ಸಿಗೆ, ಯಾರೂ ಹೇಳದೆ ಕೇಳದೆ,
ಪ್ಲಂಜರೊಂದರ ಅಜ್ಜಿ.

ಇವತ್ತು ಬೆಳಿಗ್ಗೆ ಬಾಚೋ
ಗೋಡೆಗೆ ನೇತುಹಾಕಿದ ಸೊಳ್ಳೆಬ್ಯಾಟನ್ನು
ಒಂಥರಾ ನೋಡುತ್ತ ನಿಂತಿದ್ದ.
ತೆಗೆದು ಕಪಾಟಿನ ಮೇಲೆ ಎಸೆದೆ.
ಪಾಪ, ಕೆಂಪಗಿನದು ನೆಲದ ಮೇಲೆ ಒಂಟಿಯಾಗಿ ಬಿದ್ದಿತ್ತು.
ಎತ್ತಿ, ಧೂಳು ಒರೆಸಿ, ಸೋಫಾದ ಮೇಲೆ ಕೂರಿಸಿದೆ.